ಬುಟ್ಟಿಯಿಂದ ಕಿತ್ತ ರಸೀದಿ

ಸಹಕಾರ ಸಂಘವೊಂದರಲ್ಲಿ ಮೂವತ್ತೊಂದು ವರ್ಷ ಖಿರ್ದಿ, ಖತಾವಣಿ ಬರೆದವಳು ನಾನು. ಸುಮೇರಿನ ಮಣ್ಣಿನ ಹಲಗೆಗಳ ಅನುವಾದ ಓದುವಾಗ ನನ್ನ ಕಣ್ಣು ತಟ್ಟನೆ ನಿಂತದ್ದು ‘ಹಿಂದಿನ ಲೆಕ್ಕದ ಉಳಿಕೆ’ ಎಂಬಲ್ಲಿ. ನಮ್ಮ ಆರಂಭದ ಶಿಲ್ಕು! ಇಂದಿನ ದಕ್ಷಿಣ ಇರಾಕಿನಲ್ಲಿದ್ದ ಸುಮೇರಿನ ಉಮ್ಮಾ ಪಟ್ಟಣದ ಗುಮಾಸ್ತ ನಾಲ್ಕು ಸಾವಿರ ವರ್ಷಗಳ ಹಿಂದೆ ಹಸಿಮಣ್ಣಿಗೆ ಜೊಂಡಿನ ಕಡ್ಡಿ ಒತ್ತಿ ಅದನ್ನೇ ಬರೆದಿದ್ದ. ಮೊದಲು ಶಿಲ್ಕು, ಆಮೇಲೆ ಜಮೆ, ಖರ್ಚು, ಕೊನೆಗೆ ಬಾಕಿ.

ಆ ಗುಮಾಸ್ತರು ಧಾನ್ಯವನ್ನಷ್ಟೇ ಎಣಿಸಲಿಲ್ಲ, ಆಳಿನ ದಿನಗಳನ್ನೂ ಎಣಿಸಿದರು. ಹಿಟ್ಟು ಬೀಸುವ, ಬಟ್ಟೆ ನೇಯುವ ಹೆಂಗಸರಿಗೆ ತಿಂಗಳಿಗೆ ಸಾಮಾನ್ಯವಾಗಿ 30 ಸಿಲ ಬಾರ್ಲಿ, ಗಂಡಾಳಿಗೆ 60. ಒಂದು ಸಿಲ ಎಂದರೆ ಹೆಚ್ಚುಕಮ್ಮಿ ಒಂದು ಲೀಟರು. ದಿನಕ್ಕೊಂದು ಲೀಟರು ಕಾಳಿನಲ್ಲಿ ಆ ಹೆಂಗಸು ಹೇಗೆ ಬದುಕಿದಳೋ! ಕೆಲಸ ಕಮ್ಮಿಬಿದ್ದರೆ ಬಾಕಿ ಮೇಸ್ತ್ರಿಯ ತಲೆಗೆ ಬಂದು ಮುಂದಿನ ವರ್ಷಕ್ಕೆ ಸಾಗುತ್ತಿತ್ತು. ಮೇಸ್ತ್ರಿ ಸತ್ತಾಗ ಅವನ ಮನೆಯವರನ್ನೇ ದುಡಿಮೆಗೆ ಎಳೆದದ್ದೂ ಆ ಲೆಕ್ಕಗಳಲ್ಲಿದೆ. ಆ ಕಾಲದ ರಾಜ ಶುಲ್ಗಿಯ ಸ್ತುತಿಗೀತೆಗಳು ಈ ಸಂಗತಿ ಹೇಳುವುದಿಲ್ಲ. ಹಾಗಾಗಿ ನನಗೆ ಗೀತೆಗಿಂತ ಈ ಚೀಟಿಗಳೇ ದೊಡ್ಡವು.

ಹಲಗೆಗಳನ್ನು ಬುಟ್ಟಿಗಳಲ್ಲಿ ಜೋಡಿಸಿ, ಒಳಗಿರುವುದು ಯಾವ ಲೆಕ್ಕ, ಯಾವ ವರ್ಷದ್ದು ಎಂದು ಬರೆದ ಪುಟ್ಟ ಮಣ್ಣಿನ ಬಿಲ್ಲೆಯನ್ನು ದಾರದಲ್ಲಿ ಕಟ್ಟುತ್ತಿದ್ದರು. ಕಡತಕ್ಕೆ ನಾವು ಅಂಟಿಸುವ ಚೀಟಿಯೇ ಅದು. ಆ ಬುಟ್ಟಿಗಳು ಮಣ್ಣುಗೂಡಿವೆ. ಹಲಗೆ ಬಿದ್ದಿದ್ದ ಜಾಗವೊಂದೇ ಈಗ ಅದರ ಕಡತ.

ಕಳ್ಳ ಅಗೆತ ಹಾಳುಮಾಡುವುದು ಇದನ್ನೇ. ಉಮ್ಮಾ ಮತ್ತು ಅದೇ ನಾಡಿನ ದ್ರೆಹೆಮ್ ದಿಬ್ಬಗಳನ್ನು ನೂರು ವರ್ಷಕ್ಕೂ ಹಿಂದೆಯೇ ಅಗೆದು ಹಲಗೆಗಳನ್ನು ಊರೂರಿಗೆ ಮಾರಿದರು. 2003ರ ಯುದ್ಧದ ನಂತರ ಉಮ್ಮಾದ ನೆಲವನ್ನು ಮತ್ತೆ ಗುಂಡಿಗುಂಡಿ ಮಾಡಿದರು. 2021ರಲ್ಲಿ ಅಮೆರಿಕ, ಕಳವಾಗಿ ಬಂದಿದ್ದ ಸುಮಾರು 17,000 ಪುರಾತನ ವಸ್ತುಗಳನ್ನು ಇರಾಕಿಗೆ ಮರಳಿಸಿತು. ಸಂತೋಷವೇ. ಆದರೆ ಯಾವ ಕೋಣೆಯ ಯಾವ ಮೂಲೆಯಲ್ಲಿ ಏನಿತ್ತೆಂಬುದು ಅವುಗಳ ಜೊತೆ ಮರಳಲಿಲ್ಲ.

ಒಮ್ಮೆ ಆಡಿಟ್ ಹೊತ್ತಿಗೆ ನಮ್ಮ ಕಡತದ ದಾರ ಹರಿದು ಹನ್ನೊಂದು ವೋಚರುಗಳು ಚೆದುರಿದವು. ಎಲ್ಲವೂ ಕೈಯಲ್ಲೇ ಇದ್ದರೂ ಹೊಂದಿಸಲು ಎರಡು ವಾರ ಬೇಕಾಯಿತು. ಒಂದು ಇಡೀ ನಾಡಿನ ಕಡತಕ್ಕೇ ಹಾಗಾದರೆ?

ಆದ್ದರಿಂದ ಎಲ್ಲಿ, ಯಾವಾಗ ಅಗೆದದ್ದೆಂಬ ದಾಖಲೆ ಇಲ್ಲದ ಒಂದು ಹಲಗೆಯೂ ಹರಾಜಿಗೆ ಬರಕೂಡದು. ‘ಬರೀ ಬಾರ್ಲಿ ರಸೀದಿ, ಇಂಥವು ಸಾವಿರಾರಿವೆ’ ಎಂಬ ಮಾತನ್ನು ನಾನು ಒಪ್ಪಲಾರೆ. ಖಾಸಗಿ ಸಂಗ್ರಹಕಾರರು ತಮ್ಮಲ್ಲಿರುವ ಹಲಗೆಗಳ ಚಿತ್ರವನ್ನಾದರೂ ವಿದ್ವಾಂಸರಿಗೆ ಕೊಡಲಿ. ಒಬ್ಬರ ಗಾಜಿನ ಕಪಾಟಿನಲ್ಲಿ ಬಟ್ಟೆ ನೇಯುವ ಒಬ್ಬ ಹೆಂಗಸಿನ ಒಂದು ತಿಂಗಳ 30 ಸಿಲ ಇದ್ದರೆ, ಅವಳ ಮುಂದಿನ ತಿಂಗಳದ್ದು ಇನ್ನೊಂದು ದೇಶದ ಇನ್ಯಾರದೋ ಮೇಜಿನ ಮೇಲಿರಬಹುದು.