ವಿನ್ಯಾಸದ ಅಂಗಡಿಯಲ್ಲಿ ಅಣುವ್ರತ

ಭೋಗಭೂಮಿಯ ಕಾಲ ಮುಗಿದು ಕರ್ಮಭೂಮಿ ಮೊದಲಾದಾಗ, ಕಲ್ಪವೃಕ್ಷಗಳನ್ನೇ ನಂಬಿ ಬದುಕಿದ್ದ ಪ್ರಜೆಗಳಿಗೆ ಆದಿನಾಥ ಸ್ವಾಮಿಯು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಬೋಧಿಸಿದನೆಂದು ನಮ್ಮ ಪುರಾಣಗಳು ಹೇಳುತ್ತವೆ. ದುಡಿದು ಉಣ್ಣುವುದು ಗೃಹಸ್ಥನಿಗೆ ವಿಹಿತವೇ ಆಗಿದೆ. ಬಟ್ಟೆ, ಚೀಲ, ಆಟಿಕೆ, ಆಮಂತ್ರಣ ಪತ್ರಿಕೆಗಳಿಗೆ ರೂಪ ಕೊಡುವ ಇಂದಿನ ‘ಡಿಸೈನ್’ ಉದ್ಯೋಗವು ಶಿಲ್ಪ ಮತ್ತು ವಾಣಿಜ್ಯ ಎರಡೂ ಸೇರಿದ ಕಸುಬು. ನಮ್ಮ ಸಮಾಜದ ಹಲವು ಯುವಜನರು ಇಂಥ ಸಣ್ಣ ಉದ್ಯಮಗಳನ್ನು ಕಟ್ಟುತ್ತಿದ್ದಾರೆ. ಪ್ರಾಣಿಗಳಿಗೂ ಪರಿಸರಕ್ಕೂ ನೋವಾಗದಂತೆ ಅವನ್ನು ನಡೆಸಲು ಬಯಸುತ್ತಾರೆ. ಆ ಬಯಕೆ ಶ್ಲಾಘ್ಯವಾದುದು. ಆದರೆ ಅದು ಕೈಗೂಡಬೇಕಾದರೆ ಅಹಿಂಸಾಣುವ್ರತದ ಜೊತೆಗೆ ಸತ್ಯ ಮತ್ತು ಅಚೌರ್ಯ ಅಣುವ್ರತಗಳೂ ಬೇಕೆಂಬುದು ನನ್ನ ಅಭಿಪ್ರಾಯ.

ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಶ್ರಾವಕನು ತ್ರಸಜೀವಿಗಳ ಸಂಕಲ್ಪಿ ಹಿಂಸೆಯನ್ನು ತೊರೆಯಬೇಕು. ಉಳಿದವನ್ನು ಎಚ್ಚರದಿಂದ ಕಡಿಮೆ ಮಾಡುತ್ತ ಹೋಗಬೇಕು. ಜೀವನೋಪಾಯದಲ್ಲಿ ತಪ್ಪಿಸಲಾಗದೆ ಉಂಟಾಗುವ ಹಿಂಸೆಯೇ ಉದ್ಯೋಗಿ ಹಿಂಸೆ. ಈ ವಿಂಗಡಣೆಯನ್ನು ನೆಪವಾಗಿ ಬಳಸುವ ಅಪಾಯವೂ ಉಂಟು. ರೇಷ್ಮೆಯನ್ನೇ ನೋಡೋಣ. ರಾಮನಗರದ ಮಾರುಕಟ್ಟೆಗೆ ಬರುವ ಗೂಡುಗಳ ಒಳಗೆ ಜೀವಂತ ಕೋಶಗಳಿರುತ್ತವೆ. ಪತಂಗವು ಗೂಡನ್ನು ತೂತು ಮಾಡಿ ಹೊರಬಂದರೆ ನೂಲಿನ ಎಳೆ ತುಂಡಾಗುತ್ತದೆ. ಆದ್ದರಿಂದ ಅದಕ್ಕೆ ಮೊದಲೇ ಬಿಸಿಗಾಳಿಯಲ್ಲೋ ಹಬೆಯಲ್ಲೋ ಅದನ್ನು ಕೊಲ್ಲುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸಾವಿರಾರು ಗೂಡುಗಳು ಬೇಕು. ಇಲ್ಲಿ ಸಾವು ಆಕಸ್ಮಿಕವಲ್ಲ, ತಯಾರಿಕೆಯ ಒಂದು ಹಂತ. ರೇಷ್ಮೆಯನ್ನೇ ನಂಬಿದ ರೈತರ ಮತ್ತು ನೇಕಾರರ ಬದುಕನ್ನು ನಾನು ಹಳಿಯುತ್ತಿಲ್ಲ. ಆದರೆ ಬೇರೆ ನೂಲನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರುವ ವಿನ್ಯಾಸಕನು ಇದನ್ನು ಅನಿವಾರ್ಯ ಹಿಂಸೆಯೆಂದು ಹೇಳಲಾರನು.

ಹಾಗಾದರೆ ‘ಅಹಿಂಸಾ ರೇಷ್ಮೆ’ ಬಳಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ಪತಂಗ ಹೊರಬಂದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆಯುವ ಈ ಕ್ರಮವು ಮೊದಲಿನದಕ್ಕಿಂತ ಖಂಡಿತವಾಗಿಯೂ ಮೇಲು. ಆದರೂ ಸಾವಿರಾರು ವರ್ಷಗಳ ಸಾಕಣೆಯಿಂದ ಹಿಪ್ಪುನೇರಳೆ ರೇಷ್ಮೆಯ ಪತಂಗವು ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ. ಅದು ಇಡುವ ನೂರಾರು ಮೊಟ್ಟೆಗಳಿಂದ ಹೊರಬರುವ ಮರಿಗಳಿಗೆಲ್ಲ ಸೊಪ್ಪು ಒದಗಿಸುವವರು ಯಾರು? ಹೆಸರು ಬದಲಾದ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ.

ಬಟ್ಟೆಯ ಚೀಲ ಮತ್ತು ಆಟಿಕೆಗಳ ಪುಟ್ಟ ಅಂಗಡಿ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇನ್ನೂ ಜಟಿಲವಾದುದು. ಚನ್ನಪಟ್ಟಣದ ಮರದ ಆಟಿಕೆ ಪ್ಲಾಸ್ಟಿಕ್ಕಿಗಿಂತ ಭೂಮಿಗೆ ಹಿತ. ಆದರೆ ಅದಕ್ಕೆ ಹೊಳಪು ಕೊಡುವ ಅರಗು ಕೀಟಜನ್ಯ. ಅದನ್ನು ಕೊಂಬೆಗಳಿಂದ ಕೆರೆದು ತೆಗೆಯುವಾಗ ಅಸಂಖ್ಯ ಕೀಟಗಳು ಸಾಯುತ್ತವೆ. ಶ್ರಾವಕಾಚಾರ ಗ್ರಂಥಗಳಲ್ಲಿ ವರ್ಜ್ಯವೆಂದು ಎಣಿಸಿದ ವ್ಯಾಪಾರಗಳಲ್ಲಿ ಲಾಕ್ಷಾವಾಣಿಜ್ಯವೂ ಒಂದು. ಇನ್ನೊಂದು ಕಡೆ, ‘ವೀಗನ್ ಲೆದರ್’ ಎಂದು ಮಾರಾಟವಾಗುವ ಚೀಲಕ್ಕೆ ಯಾವ ಪ್ರಾಣಿಯ ಚರ್ಮವೂ ಬೇಕಿಲ್ಲ. ಆದರೆ ಅದರ ಬಹುಪಾಲು ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್, ಮಣ್ಣಿನಲ್ಲಿ ಸುಲಭವಾಗಿ ಕೊಳೆಯದು. ಒಂದು ಪ್ರಾಣಿಯನ್ನು ಉಳಿಸುವುದಿಲ್ಲ, ಇನ್ನೊಂದು ಪರಿಸರವನ್ನು ಉಳಿಸುವುದಿಲ್ಲ. ಏನು ಮಾಡಬೇಕು?

ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇದಕ್ಕೆ ದಾರಿಯಿದೆ. ಅಲ್ಲಿ ಹೇಳಿರುವ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಕೀಳು ವಸ್ತುವನ್ನು ಬೆರೆಸಿ ಮೇಲಿನದೆಂದು ಮಾರುವುದು, ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದು ಎಂದು ಇದರ ಅರ್ಥ. ಹಿಂಸೆ ಉಳಿದಿರುವ ಸರಕಿಗೆ ಅಹಿಂಸೆಯ ಚೀಟಿ ಅಂಟಿಸುವುದೂ ಇದೇ ದೋಷ ಎಂದು ನಾನು ಭಾವಿಸುತ್ತೇನೆ. ಆಕೆಗೆ ನಾನು ಹೇಳಿದ್ದು ಇಷ್ಟೇ: ತ್ರಸಜೀವಿಯ ಕೊಲೆ ನೇರವಾಗಿ ಸೇರಿರುವುದನ್ನು ಮೊದಲು ಬಿಡು, ಉಳಿದುದರಲ್ಲಿ ಯಾವುದು ಹೆಚ್ಚು ಕಾಲ ಬಾಳುವುದೋ, ಮಣ್ಣಿಗೆ ಮರಳುವುದೋ ಅದನ್ನು ಆರಿಸಿಕೊ, ಆಮೇಲೂ ಉಳಿಯುವ ದೋಷವನ್ನು ಗಿರಾಕಿಗೆ ಮರೆಮಾಚದೆ ತಿಳಿಸು.

ಹೀಗೆ ಆರಿಸಿಕೊಂಡ ಮೇಲೂ ಅಂಗಡಿಯ ದಿನಚರಿಯಲ್ಲಿ ಎಚ್ಚರ ಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಭೇದವಾಗಿ ಪ್ರಮಾದಚರ್ಯೆಯನ್ನು ಹೇಳಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಇದರಲ್ಲಿ ಸೇರುತ್ತವೆ. ಕತ್ತರಿಯ ಕೆಳಗೆ ಉದುರಿ ಕಸವಾಗುವ ಬಟ್ಟೆಯ ತುಂಡುಗಳೂ ಇದೇ ಲೆಕ್ಕಕ್ಕೆ ಬರುತ್ತವೆ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಗಳ ತುಣುಕುಗಳಿಂದ ಕೌದಿ ಹೊಲಿದರು. ಅದು ಯಾವುದನ್ನೂ ವ್ಯರ್ಥ ಮಾಡದ ವಿನ್ಯಾಸ. ನೀರನ್ನು ಸೋಸಿ ಕುಡಿಯುವುದು, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಆ ನೀರಿನ ಮೂಲಕ್ಕೇ ಮರಳಿಸುವುದು ನಮ್ಮ ಸಂಪ್ರದಾಯ. ಕುಡಿಯುವ ನೀರಿಗೆ ಇಷ್ಟು ಎಚ್ಚರ ವಹಿಸುವವನು ಬಣ್ಣದ ತೊಟ್ಟಿಯ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಡಬಹುದೇ? ಸಾಗರ ಸೀಮೆಯ ಹೆಗ್ಗೋಡಿನ ಬಳಿ ಚರಕ ಸಂಸ್ಥೆಯ ಮಹಿಳೆಯರು ಅಡಿಕೆಯ ಚೊಗರಿನಂಥ ಸಹಜ ಬಣ್ಣಗಳಿಂದ ಹತ್ತಿಯ ಕೈಮಗ್ಗದ ಬಟ್ಟೆಗಳನ್ನು ತಯಾರಿಸಿ, ಇನ್ನೊಂದು ದಾರಿ ಇದೆಯೆಂದು ತೋರಿಸಿಕೊಟ್ಟಿದ್ದಾರೆ.

ಇಂಥ ಸರಕು ದುಬಾರಿ, ಅಹಿಂಸೆ ಉಳ್ಳವರ ಹವ್ಯಾಸವಾಯಿತು ಎಂಬ ಆಕ್ಷೇಪವಿದೆ. ಇದನ್ನು ತಳ್ಳಿಹಾಕಲಾಗದು. ಇದಕ್ಕೆ ಉತ್ತರ ಪರಿಗ್ರಹ ಪರಿಮಾಣದಲ್ಲಿದೆ: ಹತ್ತು ಕೊಳ್ಳುವಲ್ಲಿ ನಾಲ್ಕು ಕೊಂಡರೆ ನಮ್ಮ ಖರ್ಚು ಹೆಚ್ಚಾಗದು. ವ್ಯಾಪಾರಿಯೂ ತನ್ನ ಲಾಭಕ್ಕೊಂದು ಮಿತಿ ಇಟ್ಟುಕೊಂಡರೆ, ವರ್ಷ ವರ್ಷವೂ ಬೆಳೆಯಲೇಬೇಕೆಂಬ ಒತ್ತಡವಿಲ್ಲದೆ, ತನ್ನ ಕಣ್ಣಳತೆಯಲ್ಲಿ ಕೆಲಸ ನಡೆಸಬಲ್ಲನು.

ಕೊನೆಗೆ ನಮ್ಮ ಹೊಣೆಯ ಮಾತು. ಕರ್ಮಾಸ್ರವವು ಸ್ವತಃ ಮಾಡಿದ್ದರಿಂದ ಮಾತ್ರವಲ್ಲ, ಮಾಡಿಸಿದ್ದರಿಂದ ಮತ್ತು ಒಪ್ಪಿದ್ದರಿಂದಲೂ ಆಗುತ್ತದೆ. ಕೃತ, ಕಾರಿತ, ಅನುಮತ ಎಂಬ ಮಾತನ್ನು ನಾವು ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಬಸದಿಯ ಅಭಿಷೇಕಕ್ಕೂ ಮದುವೆಗೂ ರೇಷ್ಮೆಯೇ ಶುದ್ಧವೆಂದು ನಾವು ಹಟ ಹಿಡಿದರೆ, ಹತ್ತಿಯನ್ನು ನೆಚ್ಚಿ ಅಂಗಡಿ ತೆರೆದ ನಮ್ಮ ಮಕ್ಕಳು ಹೇಗೆ ಬದುಕಬೇಕು? ಒಗೆದು ಮಡಿ ಮಾಡಿದ ಹತ್ತಿಯ ಪಂಚೆ, ಸೀರೆಗಳಿಂದ ಪೂಜೆಗೆ ಯಾವ ಕೊರತೆಯೂ ಆಗದು. ಬರುವ ದಶಲಕ್ಷಣ ಪರ್ವಕ್ಕೆ ಹೊಸ ವಸ್ತ್ರ ಕೊಳ್ಳುವಾಗ, ಇದು ಯಾವುದರಿಂದ ಆಯಿತು, ಇದರಲ್ಲಿ ಯಾವ ಜೀವಕ್ಕೆ ನೋವಾಯಿತು ಎಂದು ಅಂಗಡಿಯವರನ್ನು ಕೇಳೋಣ. ನಿಜವನ್ನು ಹೇಳುವ ಸಣ್ಣ ಅಂಗಡಿ ಸಿಕ್ಕರೆ, ಬೆಲೆ ತುಸು ಹೆಚ್ಚಾದರೂ ಅಲ್ಲಿಯೇ ಕೊಳ್ಳೋಣ.