ಅದಿರಿಗೆ ಟನ್ ಲೆಕ್ಕ ಮಾತ್ರವೇ?

ಕೊಟ್ಟೂರಿನಿಂದ ಹೊಸಪೇಟೆಗೆ ಹೋಗುವಾಗ ಅದಿರು ಲಾರಿ ಕಂಡರೆ ಬಸ್ಸಿನಲ್ಲಿ ಮಾತು 'ಟನ್ನಿಗೆ ಎಷ್ಟು' ಎಂಬಲ್ಲಿಗೇ ಬರುತ್ತದೆ. ನಾನೂ ಅದನ್ನೇ ಕೇಳುತ್ತಿದ್ದೆ. ಬಿ.ಇ. ಸೇರಿದ ಮೇಲೆ ಓದಿ ತಿಳಿದದ್ದು ಬೇರೆ. ಸಂಡೂರು ಗುಡ್ಡಗಳ ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲು ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂಡಿದ್ದು. ಜ್ವಾಲಾಮುಖಿಯ ಕಾವಿಗೆ ಕಾದ ನೀರು ಕಬ್ಬಿಣವನ್ನು ಕರಗಿಸಿ ಆ ಸಮುದ್ರಕ್ಕೆ ತಂದಿತ್ತು.

ಇಂಥ ಕಥೆ ಬಿಡಿಸಲು ಐಸೊಟೋಪ್‌ಗಳು ನೆರವಾಗುತ್ತವೆ. ಕಬ್ಬಿಣದಲ್ಲಿ 54 ತೂಕದ ಪರಮಾಣುವೂ ಇದೆ, 56 ತೂಕದ್ದೂ ಇದೆ. ನೀರಿನಲ್ಲಿ ಕರಗಿದ ಕಬ್ಬಿಣ ತುಕ್ಕಾಗಿ ತಳ ಸೇರುವಾಗ ಭಾರದ್ದು ತುಸು ಹೆಚ್ಚು ಸೇರುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಆ ವ್ಯತ್ಯಾಸ ಅಳೆದರೆ ಅಂದಿನ ಸಮುದ್ರದ ಸ್ಥಿತಿ ಊಹಿಸಬಹುದು.

ಗಣಿ ಬೇಡ ಎನ್ನುತ್ತಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ. ಆದರೆ ಅಗೆಯುವ ಮೊದಲು ಪ್ರತಿ ಪದರದ ಒಂದು ತುಂಡನ್ನಾದರೂ ಜಾಗ, ಆಳ ಬರೆದು ಹತ್ತಿರದ ಕಾಲೇಜಿನಲ್ಲಿ ಇಡಲಿ. ಲಾರಿ ಹತ್ತಿದ ಗುಡ್ಡ ವಾಪಸ್ ಬರುವುದಿಲ್ಲ. ಗಣಿಯಲ್ಲಿ ಕೆಲಸ ಹುಡುಕುವ ನಾವೂ ಲೋಡಿನ ಲೆಕ್ಕ ಬರೆಯಲು ಮಾತ್ರವಲ್ಲ, ಕಲ್ಲನ್ನು ಓದಲೂ ಕಲಿಯಬೇಕು.