ಮುದ್ರಿತ ಪಠ್ಯವಿಲ್ಲದ ರಂಗಕೃತಿ ಮತ್ತು ನಮ್ಮ ಸಂಶೋಧನೆ

ಕನ್ನಡ ವಿಭಾಗಗಳಲ್ಲಿ ರಂಗಭೂಮಿಯ ಅಧ್ಯಯನವೆಂದರೆ ಬಹುಮಟ್ಟಿಗೆ ನಾಟಕ ಸಾಹಿತ್ಯದ ಅಧ್ಯಯನವೇ ಆಗಿದೆ. ಕೈಲಾಸಂ, ಶ್ರೀರಂಗ, ಕಾರ್ನಾಡ, ಕಂಬಾರರ ನಾಟಕಗಳನ್ನು ಕುರಿತು ವಸ್ತು, ಪಾತ್ರಸೃಷ್ಟಿ, ಸಂಭಾಷಣೆ, ಸಾಮಾಜಿಕ ಪ್ರಜ್ಞೆ ಎಂಬ ಅಧ್ಯಾಯಗಳಲ್ಲಿ ಪ್ರಬಂಧಗಳು ಸಿದ್ಧವಾಗುತ್ತವೆ. ರಂಗಪ್ರಯೋಗವೆಂಬುದು ಕೊನೆಯ ಅಧ್ಯಾಯದ ಕೆಲವು ಪುಟಗಳಲ್ಲಿ ಬಂದು ಹೋಗುತ್ತದೆ. ನಿರ್ದೇಶಕರನ್ನೋ ನಟರನ್ನೋ ಕುರಿತು ಬರೆಯುವಾಗಲೂ ಜೀವನ ವಿವರ, ಪ್ರಶಸ್ತಿಗಳು, ಆಡಿಸಿದ ನಾಟಕಗಳ ಪಟ್ಟಿ ಇಷ್ಟರಲ್ಲೇ ತೃಪ್ತರಾಗುತ್ತೇವೆ. ಇದನ್ನು ಸಂಶೋಧಕರ ಅನಾಸಕ್ತಿ ಎಂದಷ್ಟೇ ಭಾವಿಸುವಂತಿಲ್ಲ. ಮುದ್ರಿತ ಪಠ್ಯವಿದ್ದರೆ ಮಾತ್ರ ಅದು ‘ಕೃತಿ’ ಎಂಬ ನಂಬಿಕೆ ನಮ್ಮ ಅಧ್ಯಯನ ವಿಧಾನದ ಬುಡದಲ್ಲಿಯೇ ಇದೆ. ಈ ನಂಬಿಕೆಯನ್ನು ಮರುಪರಿಶೀಲಿಸಬೇಕೆಂಬುದು ಪ್ರಸ್ತುತ ಲೇಖನದ ವಾದ. ಅದಕ್ಕೆ ನಿದರ್ಶನವಾಗಿ ಕನ್ನಡದ ಹೊರಗಿನ ಒಬ್ಬ ಕಲಾವಿದೆಯನ್ನು, ದೆಹಲಿಯ ಮಾಯಾ ಕೃಷ್ಣ ರಾವ್ ಅವರನ್ನು, ಇಲ್ಲಿ ಆರಿಸಿಕೊಳ್ಳಲಾಗಿದೆ.

ಕಥಕಳಿಯಲ್ಲಿ ತರಬೇತಿ ಪಡೆದ ಮಾಯಾ ರಾವ್ ತಮ್ಮ ಪ್ರದರ್ಶನಗಳನ್ನು ಬಹುತೇಕ ತಾವೇ ಕಟ್ಟಿ, ತಾವೇ ನಿರ್ದೇಶಿಸಿ, ಒಬ್ಬರೇ ಅಭಿನಯಿಸುತ್ತ ಬಂದವರು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅಭಿನಯವನ್ನು ಕಲಿಸಿದವರು. ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಎಂ.ಎಂ. ಕಲಬುರ್ಗಿಯವರ ಹತ್ಯೆಯಾದ ಮೇಲೆ ದೇಶದ ಅನೇಕ ಲೇಖಕರು ಪ್ರಶಸ್ತಿಗಳನ್ನು ಹಿಂದಿರುಗಿಸಿದರಷ್ಟೆ. ಆ ಅಕ್ಟೋಬರ್‌ನಲ್ಲಿ, ದಾದ್ರಿಯ ಹತ್ಯೆಯೂ ನಡೆದಿದ್ದ ಸಂದರ್ಭದಲ್ಲಿ, ತಮ್ಮ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯನ್ನು ಹಿಂದಿರುಗಿಸಿದವರಲ್ಲಿ ಇವರೂ ಒಬ್ಬರು. ಈ ಸಂಗತಿ ಪತ್ರಿಕೆಗಳಲ್ಲಿ ದಾಖಲಾಗಿದೆ. ಆದರೆ ಆ ನಿಲುವಿನ ಹಿಂದೆ ಇದ್ದ ಮೂರೂವರೆ ದಶಕಗಳ ರಂಗಕೆಲಸವನ್ನು ಓದುವುದು ಹೇಗೆ? ಅವರ ಮೂರು ಪ್ರದರ್ಶನಗಳು ನಮ್ಮ ಮೂರು ಮೂಲಭೂತ ಪರಿಕಲ್ಪನೆಗಳನ್ನೇ ಪ್ರಶ್ನಿಸುತ್ತವೆ.

ಮೊದಲನೆಯದು ‘ಓಂ ಸ್ವಾಹಾ’. ವರದಕ್ಷಿಣೆಯ ಸಾವುಗಳ ವಿರುದ್ಧ 1979ರಲ್ಲಿ ದೆಹಲಿಯ ಸ್ತ್ರೀವಾದಿ ಗೆಳತಿಯರು ಸೇರಿ ರೂಪಿಸಿದ ಬೀದಿನಾಟಕವಿದು. ಅನುರಾಧಾ ಕಪೂರ್ ಮತ್ತು ಮಾಯಾ ರಾವ್ ಇದರಲ್ಲಿ ಪ್ರಮುಖರು. ಚರ್ಚೆ, ತಾಲೀಮು, ಬೀದಿಯ ಪ್ರೇಕ್ಷಕರ ಪ್ರತಿಕ್ರಿಯೆ ಇವುಗಳಿಂದ ಒಡಮೂಡಿದ ಇಂಥ ನಾಟಕಕ್ಕೆ ಒಬ್ಬ ಕರ್ತೃವನ್ನು ಹುಡುಕುವುದು ವ್ಯರ್ಥ. ಅದೇ ಕಾಲದಲ್ಲಿ ಕರ್ನಾಟಕದ ‘ಸಮುದಾಯ’ ತಂಡ ಆಡಿದ ‘ಬೆಲ್ಚಿ’ಯನ್ನು ನೆನೆದರೆ ಇದು ನಮಗೂ ಹತ್ತಿರದ ಪ್ರಶ್ನೆಯೆಂದು ತಿಳಿಯುತ್ತದೆ. ಕವಿ-ಕಾವ್ಯ-ಕಾಲ ವಿಚಾರದಿಂದ ಆರಂಭವಾಗುವ ನಮ್ಮ ಪದ್ಧತಿಗೆ ಸಾಮೂಹಿಕ ಕರ್ತೃತ್ವ ಇಂದಿಗೂ ತೊಡಕಿನ ವಿಷಯವೇ.

ಎರಡನೆಯದು 1993ರ ‘ಖೋಲ್ ದೋ’. ದೇಶವಿಭಜನೆಯ ಹಿಂಸೆಯಲ್ಲಿ ಮಗಳನ್ನು ಕಳೆದುಕೊಂಡು ಹುಡುಕುವ ತಂದೆಯ ಕುರಿತ ಸಾದತ್ ಹಸನ್ ಮಂಟೋ ಅವರ ಕತೆ ಇದರ ಆಧಾರ. ಆ ಕತೆಯ ಭೀಕರತೆ ನಿಂತಿರುವುದು ಒಂದೇ ಮಾತಿನ ಮೇಲೆ. ಕಿಟಕಿ ತೆರೆಯುವಂತೆ ವೈದ್ಯ ಹೇಳಿದ್ದು ಅತ್ಯಾಚಾರಕ್ಕೊಳಗಾದ ಹುಡುಗಿಗೆ ಬೇರೆಯೇ ಆಜ್ಞೆಯಾಗಿ ಕೇಳಿಸುತ್ತದೆ. ಇಂತಹ ಕತೆಯನ್ನು ಮಾಯಾ ರಾವ್ ಮಾತನ್ನು ಬಿಟ್ಟು ದೇಹದಲ್ಲಿ ನಿರೂಪಿಸಲು ಹೊರಟರು. ಅದಕ್ಕೆ ನೆರವಾದದ್ದು ಕಥಕಳಿ. ಹಿನ್ನೆಲೆಯ ಹಾಡಿನ ಸಾಹಿತ್ಯವಿಲ್ಲದೆ ನಟ ತನ್ನ ಮನೋಧರ್ಮದಂತೆ ಸನ್ನಿವೇಶವನ್ನು ವಿಸ್ತರಿಸುವ ‘ಇಳಕಿಯಾಟ್ಟಂ’, ಒಬ್ಬನೇ ನಟ ಹಲವು ಪಾತ್ರಗಳಿಗೆ ಮೈಯೊಡ್ಡುವ ‘ಪಕರ್ನಾಟ್ಟಂ’ ಆ ಪರಂಪರೆಯಲ್ಲಿವೆ. ಪುರಾಣಪಾತ್ರಗಳಿಗಾಗಿ ಸಿದ್ಧಗೊಂಡ ದೇಹಭಾಷೆ ಇಲ್ಲಿ ನಿರಾಶ್ರಿತ ಮುದುಕನೊಬ್ಬನ ಅಲೆದಾಟವನ್ನು ಹೊರಬೇಕಾಯಿತು. ಈ ಕೃತಿಯನ್ನು ಮಂಟೋ ಕತೆಯ ‘ರೂಪಾಂತರ’ವೆಂದು ಕರೆದು ಮೂಲದೊಂದಿಗೆ ಹೋಲಿಸಿದರೆ ನಮ್ಮ ಕೈಗೆ ಸಿಗುವುದು ಮೂಲವೊಂದೇ. ಹೋಲಿಕೆಯ ಮತ್ತೊಂದು ಪಕ್ಷ ಪುಟದ ಮೇಲೆ ಇಲ್ಲವೇ ಇಲ್ಲ.

ಮೂರನೆಯದು ‘ವಾಕ್’. 2012ರ ಡಿಸೆಂಬರ್ 16ರ ದೆಹಲಿಯ ಸಾಮೂಹಿಕ ಅತ್ಯಾಚಾರದ ನಂತರದ ಪ್ರತಿಭಟನೆಗಳ ನಡುವೆ ಹುಟ್ಟಿದ ಈ ಪುಟ್ಟ ಪ್ರದರ್ಶನದ ಕೇಂದ್ರದಲ್ಲಿರುವುದು ರಾತ್ರಿಯ ರಸ್ತೆಯಲ್ಲಿ ಹೆಣ್ಣು ನಿರ್ಭಯವಾಗಿ ನಡೆಯುವ ಹಕ್ಕು. ಇಲ್ಲಿ ಮಾತಿದೆ, ಆದರೆ ಅದು ಸ್ಥಿರವಲ್ಲ. ಸಂದರ್ಭ, ಸ್ಥಳ, ಪ್ರೇಕ್ಷಕ ಸಮುದಾಯ ಬದಲಾದಂತೆ ಅದೂ ಬದಲಾಗುತ್ತ ಬಂದಿದೆ. ಯಾವ ಪ್ರದರ್ಶನದ ಮಾತನ್ನು ಶುದ್ಧಪಾಠವೆಂದು ಅಂಗೀಕರಿಸಬೇಕು?

ಹೀಗೆ ಕರ್ತೃ, ಕೃತಿ, ಪಾಠ ಎಂಬ ಮೂರೂ ನೆಲೆಗಳು ಇಲ್ಲಿ ಅಲುಗಾಡುತ್ತವೆ. ಆದರೆ ಇದನ್ನು ಎದುರಿಸಲು ನಾವು ಹೊರಗಿನ ಸಿದ್ಧಾಂತಗಳನ್ನೇ ಎರವಲು ತರಬೇಕಾಗಿಲ್ಲ. ಮಲೆಯ ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳನ್ನು ಸಂಗ್ರಹಿಸಿದ ನಮ್ಮ ಜಾನಪದ ವಿದ್ವಾಂಸರು ಗಾಯಕನಿಂದ ಗಾಯಕನಿಗೆ ಕಾವ್ಯ ಬದಲಾಗುವುದನ್ನು ದೋಷವೆಂದು ಎಣಿಸಲಿಲ್ಲ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯಗಳು ಮುದ್ರಿತವಾಗಿರುತ್ತವೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅಂದಂದೇ ಕಟ್ಟಿದ ಅರ್ಥಗಾರಿಕೆಯು ಆ ಪ್ರಸಂಗದ ಪುಸ್ತಕದಲ್ಲಿರುವುದಿಲ್ಲ. ಗ್ರಂಥಸಂಪಾದನೆಯಂತೂ ಪಾಠಾಂತರಗಳನ್ನು ತಾಳ್ಮೆಯಿಂದ ದಾಖಲಿಸುವ ಶಿಸ್ತೇ ಆಗಿದೆ. ಜಾನಪದಕ್ಕೂ ಹಳಗನ್ನಡಕ್ಕೂ ಸಲ್ಲುವ ಈ ವಿವೇಕ ಆಧುನಿಕ ರಂಗಭೂಮಿಗೆ ಮಾತ್ರ ಏಕೆ ಸಲ್ಲಬಾರದು?

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಪಠ್ಯವನ್ನು ಬೇರೊಬ್ಬರು ತೆರೆದು ಪರೀಕ್ಷಿಸಬಹುದು, ಮುಗಿದುಹೋದ ಪ್ರದರ್ಶನವನ್ನು ಪರೀಕ್ಷಿಸಲಾಗದು. ಆದ್ದರಿಂದ ಇಂಥ ಬರಹ ಸಂಶೋಧನೆಯಾಗದೆ ಸ್ತುತಿಯಾಗುತ್ತದೆ ಎಂಬುದು. ಈ ಅಪಾಯ ನಿಜವಾದದ್ದೇ. ಆದರೆ ಅದಕ್ಕೆ ಪರಿಹಾರ ವಿಷಯವನ್ನು ಕೈಬಿಡುವುದಲ್ಲ, ಆಕರದ ಶಿಸ್ತನ್ನು ರೂಪಿಸುವುದು. ನೋಡಿದ ಪ್ರದರ್ಶನದ ದಿನಾಂಕ, ಸ್ಥಳ, ಪ್ರೇಕ್ಷಕ ವರ್ಗ ದಾಖಲಾಗಬೇಕು. ಸಾಧ್ಯವಾದಲ್ಲೆಲ್ಲ ಒಂದೇ ಕೃತಿಯ ಎರಡಾದರೂ ಪ್ರದರ್ಶನಗಳನ್ನು ನೋಡಿ ವ್ಯತ್ಯಾಸಗಳನ್ನು ಗುರುತಿಸಬೇಕು. ಕಲಾವಿದರ ಸಂದರ್ಶನ, ತಾಲೀಮಿನ ಟಿಪ್ಪಣಿ, ಛಾಯಾಚಿತ್ರ, ಕರಪತ್ರಗಳನ್ನು ಪ್ರಾಥಮಿಕ ಆಕರಗಳೆಂದು ಮಾನ್ಯ ಮಾಡಬೇಕು. ವಿಡಿಯೊ ಇದ್ದರೆ ಅದನ್ನೇ ಕೃತಿಯೆಂದು ಭ್ರಮಿಸಬಾರದು. ಓಲೆಗರಿಯ ಕಟ್ಟಿನಂತೆ ಅದೂ ಒಂದು ಪ್ರತಿ ಮಾತ್ರ; ಒಂದು ದಿನದ, ಒಂದು ಕ್ಯಾಮೆರಾದ ಕಣ್ಣಿನ ಪ್ರತಿ.

ಈ ಕೆಲಸವನ್ನು ಮುಂದೂಡುವಂತಿಲ್ಲ. ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ನಾವು ಯಾವಾಗ ಬೇಕಾದರೂ ಓದಬಹುದು. ಆದರೆ ಎಪ್ಪತ್ತರ ದಶಕದಲ್ಲಿ ಬಿ.ವಿ. ಕಾರಂತರು ಅದನ್ನು ರಂಗದ ಮೇಲೆ ಹೇಗೆ ಕಟ್ಟಿದರು, ಹಾಡು ಯಾವ ಚಲನೆಯೊಂದಿಗೆ ಏಳುತ್ತಿತ್ತು, ನಟರು ಎಲ್ಲಿ ನಿಲ್ಲುತ್ತಿದ್ದರು ಎಂಬುದನ್ನು ಹೇಳಬಲ್ಲವರು ಅಂದು ಅಭಿನಯಿಸಿದವರು, ನೋಡಿದವರು. ಕಾರಂತರು 2002ರಲ್ಲಿ ತೀರಿಕೊಂಡರು. ಅವರೊಂದಿಗೆ ಕೆಲಸ ಮಾಡಿದ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಮುಂದಿನ ಪಿಎಚ್.ಡಿ. ವಿಷಯಗಳನ್ನು ಆಯ್ಕೆ ಮಾಡುವಾಗ ಮಾರ್ಗದರ್ಶಕರು ಗ್ರಂಥಾಲಯದ ಕಪಾಟಿನ ಜೊತೆಗೆ ಈ ನೆನಪುಗಳ ಕಡೆಗೂ ವಿದ್ಯಾರ್ಥಿಗಳನ್ನು ಕಳುಹಿಸಬೇಕು. ಪುಸ್ತಕ ಕಾಯುತ್ತದೆ, ನಟನ ನೆನಪು ಕಾಯುವುದಿಲ್ಲ.